ಹಿತ್ತಲಿಗೊಂದು ಒಲೆ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದ ನಮ್ಮ ಹಿರಿಯರು ಒಲೆಯನ್ನು ಕಟ್ಟಿ ನೋಡೆಂದು ಹೇಳಲಿಲ್ಲ. ಒಲೆ ಕಟ್ಟುವುದೂ ಒಂದು ವಿದ್ಯೆಯೆಂದು ಅವರಿಗೆ ತೋರಿರಲಾರದು. ಮೂರು ಕಲ್ಲನ್ನಿಟ್ಟರೆ ಒಲೆ. ಊದುಗೊಳವೆ ಹಿಡಿದು ಕುಳಿತರೆ ಅಡಿಗೆ. ಕಣ್ಣಲ್ಲಿ ನೀರು ಬಂದರೆ ಅದು ಹೆಂಗಸಿನ ಪಾಲಿಗೆ ಬಂದದ್ದು!

ಈಗ ಕಾಲ ತಿರುಗಿದೆ. ಅಡಿಗೆಮನೆಯಲ್ಲಿ ಗ್ಯಾಸ್ ಉರಿಯುತ್ತಿರುವ ಪಟ್ಟಣಿಗರಿಗೇ ಹಿತ್ತಲಲ್ಲೊಂದು ಇಟ್ಟಿಗೆಯ ಒಲೆ ಇದ್ದರೆ ಚೆನ್ನವೆನ್ನಿಸತೊಡಗಿದೆ. ಅಂಥವರಿಗಾಗಿ ಬೇಕಾದ ಸಾಮಾನುಗಳನ್ನೆಲ್ಲ ಜೋಡಿಸಿದ ಕಿಟ್ಟುಗಳೂ ಬಂದಿವೆ. ಕೊಳ್ಳುವ ಮೊದಲು ಒಂದು ಭೇದವನ್ನು ತಿಳಿದಿರಬೇಕು. ರೊಟ್ಟಿ ಬೇಯಿಸುವ ಗುಮ್ಮಟದ ಗೂಡಿನಲ್ಲಿ ಮೊದಲು ಇಟ್ಟಿಗೆ ಕಾಯಬೇಕು. ಆ ಕಾವಿನಲ್ಲಿ ರೊಟ್ಟಿ ಬೇಯಬೇಕು. ಅಲ್ಲಿ ಇಟ್ಟಿಗೆ ದಪ್ಪವಾಗಿದ್ದಷ್ಟೂ ಕಾವು ಹೆಚ್ಚು ಕಾಲ ನಿಲ್ಲುತ್ತದೆ. ಹಂಡೆ ಕಾಯಿಸುವ, ಕಡುಬು ಬೇಯಿಸುವ ಒಲೆಯದು ಇದಕ್ಕೆ ವಿರುದ್ಧವಾದ ನ್ಯಾಯ. ಅಲ್ಲಿ ಇಟ್ಟಿಗೆಯು ಕುಡಿದ ಕಾವೆಲ್ಲ ಪಾತ್ರೆಗೆ ಸಲ್ಲದ ಕಾವು. ಮೊದಲನೆಯದು ವಿನೋದಕ್ಕೆ, ನಮ್ಮ ಸಂಸಾರಗಳಿಗೆ ನಿತ್ಯವೂ ಬೇಕಾದದ್ದು ಎರಡನೆಯದು.

ಕೋಲಾರ ಜಿಲ್ಲೆಯ ಮುಳಬಾಗಿಲಿಗೆ ಸಮೀಪದಲ್ಲಿ ಕುರುಡುಮಲೆಯುಂಟು. ಅಲ್ಲಿನ ಹದಿಮೂರು ಅಡಿಗೂ ಎತ್ತರವಾದ ಏಕಶಿಲೆಯ ಗಣಪತಿಯನ್ನು ನೋಡಲು ಹೋದವರು ಚೋಳರ ಕಾಲದ ಸೋಮೇಶ್ವರನನ್ನೂ ನೋಡಿಕೊಂಡು ಬರುತ್ತಾರೆ. ಆ ಊರಿನ ನಮ್ಮ ಬಂಧುಗಳ ಮನೆಯಲ್ಲಿ ಗ್ಯಾಸ್ ಬಂದು ಎಷ್ಟೋ ವರ್ಷವಾಗಿದ್ದರೂ ಸ್ನಾನದ ಹಂಡೆ, ಚೌತಿಯ ಕಡುಬಿನ ಕೊಳಗ ಹಿತ್ತಲನ್ನು ಬಿಟ್ಟಿಲ್ಲ. ಹಳೆಯ ಒಲೆ ಕುಸಿದಾಗ ಮಗರಾಯ ಬೆಂಗಳೂರಿನಿಂದ ಒಂದು ಕಿಟ್ಟನ್ನು ತಂದ. ಅದರೊಳಗೆ ಕಬ್ಬಿಣದ ಜಾಲರಿ, ತಗಡಿನ ಅಚ್ಚುಗಳು, ಹೊಗೆಕೊಳವೆಯ ತುಂಡುಗಳು, ಅಳತೆಯ ಒಂದು ಹಾಳೆ. ಇಟ್ಟಿಗೆಗೇನು ಬರವಿಲ್ಲ, ಇಟ್ಟಿಗೆ ಹೆಂಚುಗಳಿಗೆ ಹೆಸರಾದ ಮಾಲೂರು ಅದೇ ಜಿಲ್ಲೆಯಲ್ಲಿದೆ.

ಕಟ್ಟಲು ಬಂದ ಮೇಸ್ತ್ರಿ ನುರಿತ ಕೈಯವನೇ. ಆದರೆ ಅಚ್ಚಿನ ಬಾಯನ್ನು ಕಂಡು ನಕ್ಕುಬಿಟ್ಟ.

"ಇಷ್ಟು ಚಿಕ್ಕ ಬಾಯಿಗೆ ಯಾವ ಸೌದೆ ಹೋಗ್ತದಮ್ಮಾ?" ಎಂದವನೇ ಬಾಯನ್ನು ನಾಲ್ಕು ಬೆರಳು ಅಗಲ ಮಾಡಿದ. ಕೊಳವೆಯನ್ನು ಸೂರಿನ ಕೆಳಗೇ ನಿಲ್ಲಿಸಿದ. ಒಲೆಗೆ ಗಾರೆ ಮೆತ್ತಿ, ಕೆಮ್ಮಣ್ಣು ಬಳಿದು ಗುಡಿಯ ಜಗಲಿಯಂತೆ ಮಾಡಿಟ್ಟ.

ಮನೆಯ ಹಿರಿಯಾಕೆ ಎಲ್ಲವನ್ನೂ ನೋಡಿ, "ಒಲೆ ಲಕ್ಷಣವಾಗಿದೆ ಮೇಸ್ತ್ರಿ. ನೀನೇ ಕೂತು ಒಂದು ಹಂಡೆ ನೀರು ಕಾಯಿಸಿಕೊಟ್ಟು ಹೋಗಪ್ಪಾ" ಎಂದರು.

ಹತ್ತು ನಿಮಿಷ ಕಳೆಯಲಿಲ್ಲ. ಮೇಸ್ತ್ರಿ ಟವಲಿನಿಂದ ಕಣ್ಣೊರೆಸಿಕೊಳ್ಳುತ್ತ ಎದ್ದು ಬಂದ. ಮರುದಿನ ಬಾಯನ್ನು ಅಳತೆಗೆ ಸರಿಯಾಗಿ ಕಿರಿದು ಮಾಡಿದ. ಕೊಳವೆಯನ್ನು ಸೂರಿನ ಮೇಲಕ್ಕೆ ಎತ್ತಿದ. ಹೊಗೆ ದಾರಿ ಹಿಡಿಯಿತು.

ಇದರ ಮರ್ಮವೇನು? ಒಲೆಯ ಗುಣವಿರುವುದು ಇಟ್ಟಿಗೆಯಲ್ಲಲ್ಲ, ಇಟ್ಟಿಗೆಯ ನಡುವೆ ಬಿಟ್ಟ ಬಯಲಿನಲ್ಲಿ. ಬಾಯಿ ಅಗಲವಾದರೆ ತಣ್ಣನೆಯ ಗಾಳಿ ಮಿತಿಮೀರಿ ನುಗ್ಗಿ ಉರಿಯನ್ನು ತಣಿಸುತ್ತದೆ. ತಣಿದ ಹೊಗೆಗೆ ಮೇಲೇರುವ ಶಕ್ತಿ ಕುಂದುತ್ತದೆ. ಜಾಲರಿಯ ಕೆಳಗಿನಿಂದ ಬಂದ ಗಾಳಿಯಾದರೋ ಕೆಂಡದ ಮೂಲಕವೇ ಹಾದುಬರುತ್ತದೆ. ಪಾತ್ರೆಗೂ ಗೋಡೆಗೂ ನಡುವಣ ಸಂದು ಕಿರಿದಾಗಿದ್ದರೆ ಉರಿ ಪಾತ್ರೆಯ ಮೈಯನ್ನು ಸವರಿಕೊಂಡು ಹೋಗುತ್ತದೆ. ಹಿರಿದಾದರೆ ಮುಟ್ಟದೆಯೇ ಜಾರಿಹೋಗುತ್ತದೆ. ತಗಡಿನ ಅಚ್ಚು ಕೊಡುವುದು ಈ ಬಯಲಿನ ಅಳತೆಯನ್ನು. ಕಿಟ್ಟಿಗೆ ತೆತ್ತ ಹಣವೆಲ್ಲ ಅದಕ್ಕೇ ಎಂದರೂ ತಪ್ಪಲ್ಲ.

ಈ ಅಳತೆಯನ್ನು ಶಾಸ್ತ್ರವಾಗಿ ಅರಸಿದವರು ನಮ್ಮ ನಾಡಿನಲ್ಲೇ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕುಮಾರ್ ಎನ್. ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ "ಅಸ್ತ್ರ" ಎಂಬ ವಿಭಾಗವು ಹುಟ್ಟಿತು. ವಿಜ್ಞಾನವನ್ನು ಹಳ್ಳಿಯ ಹೊಸ್ತಿಲಿಗೆ ತರುವುದು ಅದರ ಉದ್ದೇಶ. ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮ ಅದರ ಕಾರ್ಯಕ್ಷೇತ್ರ. 1980ರ ದಶಕದ ಆರಂಭದಲ್ಲಿ ಕೆ. ಎಸ್. ಜಗದೀಶ್ ಮತ್ತು ಸಂಗಡಿಗರು ಮೂರು ಪಾತ್ರೆಗಳ, ಜಾಲರಿ ಮತ್ತು ಹೊಗೆಕೊಳವೆಗಳುಳ್ಳ "ಅಸ್ತ್ರ ಒಲೆ"ಯನ್ನು ರೂಪಿಸಿದರು. ಹಳೆಯ ಒಲೆಯಲ್ಲಿ ಸೌದೆಯ ಕಾವಿನ ಹತ್ತರಲ್ಲೊಂದು ಪಾಲು ಪಾತ್ರೆಗೆ ತಲುಪಿದರೆ ಹೆಚ್ಚು. ಅಸ್ತ್ರ ಒಲೆಯಲ್ಲಿ, ಪ್ರಯೋಗಶಾಲೆಯ ಪರೀಕ್ಷೆಯಂತೆ, ಶೇಕಡಾ 40ರ ಆಸುಪಾಸು ತಲುಪಿತು. ಕರ್ನಾಟಕದಲ್ಲಿ ಇಂಥ ಒಲೆಗಳು ಲಕ್ಷಗಟ್ಟಲೆಯಾಗಿ ಎದ್ದವು.

ಎದ್ದವೇನೋ ಸರಿ, ಉಳಿದವೆಷ್ಟು? ಕೇಂದ್ರ ಸರ್ಕಾರವು 1980ರ ದಶಕದಲ್ಲಿ ದೇಶದಾದ್ಯಂತ ಕೈಗೊಂಡ ಸುಧಾರಿತ ಒಲೆಗಳ ಕಾರ್ಯಕ್ರಮವು 2002ರಲ್ಲಿ ನಿಂತುಹೋಯಿತು. ಕಟ್ಟಿದ ಒಲೆಗಳ ಲೆಕ್ಕವಿತ್ತು. ಉರಿಯುವ ಒಲೆಗಳ ವಿಚಾರಣೆ ಸಾಲದಾಗಿತ್ತು. ಎಷ್ಟೋ ಕಡೆ ಅಳತೆ ಕೆಟ್ಟಿತು, ಬಿರುಕಿಗೆ ಮಣ್ಣು ಮೆತ್ತುವವರಿಲ್ಲದಾದರು, ಮಸಿ ಕಟ್ಟಿದ ಕೊಳವೆಯನ್ನು ಗುಡಿಸುವವರಿಲ್ಲದಾದರು. ಆಕೆಯನ್ನು ಕೇಳದೆ ಕಟ್ಟಿದ ಒಲೆಯನ್ನು ಆಕೆ ಬಿಟ್ಟುಬಿಟ್ಟಳು. ದೂರುವುದು ಯಾರನ್ನು?

ಈಗ ಕಿಟ್ಟನ್ನು ತರುವವರಿಗೆ ನಾಲ್ಕು ಮಾತು. ಉರಿ ತಾಗುವ ಕಡೆ ಸಿಮೆಂಟು ಬೇಡ. ಕಾವಿಗೆ ಅದು ಬಿರಿಯುತ್ತದೆ. ಜಿಗುಟು ಮಣ್ಣಿಗೆ ಮರಳನ್ನೂ ಸಣ್ಣಗೆ ಹೆಚ್ಚಿದ ಹುಲ್ಲನ್ನೂ ಕಲಸಿ ಬಳಸಿರಿ. ಕಟ್ಟಿದ ಒಲೆ ನೆರಳಿನಲ್ಲಿ ಒಂದೆರಡು ವಾರ ಆರಲಿ. ಮೊದಲ ದಿನಗಳ ಉರಿ ಸಣ್ಣದಾಗಿರಲಿ. ಕೊಳವೆಯ ತುದಿ ಸೂರಿಗಿಂತ ಎರಡಡಿಯಾದರೂ ಮೇಲಿರಲಿ. ಕಲ್ನಾರಿನ ಕೊಳವೆ ಅಗ್ಗವಾಗಿ ಸಿಕ್ಕರೂ ಬೇಡ, ಅದರ ಧೂಳು ಶ್ವಾಸಕೋಶಕ್ಕೆ ಕೇಡು. ತಿಂಗಳಿಗೊಮ್ಮೆ ಮಸಿಯನ್ನು ಗುಡಿಸತಕ್ಕದ್ದು. ಇನ್ನು ಸೌದೆ: ಆಗತಾನೆ ಕಡಿದ ಹಸಿಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರುವುದುಂಟು. ನೀಲಗಿರಿಯಾಗಲಿ ಮಾವಾಗಲಿ, ಸೀಳಿ ಒಣಗಿಸಿದ ತುಂಡುಗಳನ್ನೇ ಒಲೆಗಿಡಿರಿ. ಹಸಿ ಸೌದೆಗೆ ಯಾವ ಅಳತೆಯೂ ಮದ್ದಲ್ಲ.

ಇಷ್ಟೆಲ್ಲ ಒಂದು ಒಲೆಗೇ ಎಂದು ಯಜಮಾನರು ಹುಬ್ಬೇರಿಸಬಹುದು. ಮನೆಯೊಳಗಿನ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಪ್ರಪಂಚದಲ್ಲಿ ಸುಮಾರು 32 ಲಕ್ಷ ಜನ ಅಕಾಲದಲ್ಲಿ ತೀರಿಕೊಂಡರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮಕ್ಕಳಿಗೆ ನ್ಯುಮೋನಿಯಾ, ಹೆಂಗಸರಿಗೆ ಉಬ್ಬಸ, ಕಣ್ಣಿಗೆ ಪೊರೆ—ಇವಕ್ಕೆಲ್ಲ ಒಲೆಯ ಹೊಗೆ ಬಾಗಿಲು ತೆರೆಯುತ್ತದೆ. 2016ರಲ್ಲಿ ಬಂದ ಉಜ್ವಲ ಯೋಜನೆಯಿಂದ ಬಡವರ ಮನೆಗೂ ಸಿಲಿಂಡರು ಬಂದಿತು. ಆದರೆ ಸಿಲಿಂಡರಿನ ಬೆಲೆಯನ್ನು ನೆನೆದು ಹಂಡೆಗೂ ಕೊಳಗಕ್ಕೂ ಸೌದೆಯನ್ನೇ ಹುಡುಕುವ ಮನೆಗಳು ಇನ್ನೂ ಬಹಳ. ಹಿತ್ತಲೆಂದ ಮಾತ್ರಕ್ಕೆ ಹೊಗೆಯು ಹೆಂಗಸಿನ ಕಣ್ಣನ್ನು ಬಿಟ್ಟು ಹೋಗುವುದಿಲ್ಲ.

ಆದುದರಿಂದ ವಾಚಕ ಮಹಾಶಯರೇ, ಒಲೆ ಕಟ್ಟುವ ದಿನ ಅಳತೆಯ ಹಾಳೆ ಮೇಸ್ತ್ರಿಯ ಕೈಯಲ್ಲಿರಲಿ. ಒಪ್ಪಿಗೆಯ ಮಾತು ಮಾತ್ರ ಅದರ ಮುಂದೆ ಕುಳಿತುಕೊಳ್ಳುವಾಕೆಯ ಬಾಯಿಂದ ಬರಲಿ. ಅದಕ್ಕೂ ಮುಂಚೆ ನೀವೇ ಒಂದು ಹಂಡೆ ನೀರು ಕಾಯಿಸಿ ನೋಡುವುದು ಇನ್ನೂ ಉತ್ತಮ.