ಅವ್ವನ್ನ ಒಂದು ಮಾತು ಕೇಳಬೇಕಿತ್ತು

 

ನನ್ನ ತಮ್ಮನನ್ನು ನೀವೆಲ್ಲ ನೋಡಿದ್ದೀರಿ. ನಾಲ್ಕನೇ ತರಗತಿಯಲ್ಲಿ ಓದುತ್ತಾನೆ. ಹುಟ್ಟಿದಾಗಿನಿಂದ ಅವನ ಕಾಲಿನಲ್ಲಿ ಬಲ ಇಲ್ಲ, ಎಡಗೈಗೆ ಹಿಡಿತ ಇಲ್ಲ. ಆದರೆ ಮಗ್ಗಿ ಹೇಳು ಅಂದರೆ ನಮಗಿಂತ ಮುಂದ. ಹೋದ ವರ್ಷ ಅವನಂಥವರಿಗಾಗಿ ವರ್ಗದ ಕೋಣೆಗೆ ಇಳಿಜಾರು ಕಟ್ಟಿಸಿದರು. ಮನ್ಯಾಗ ಎಲ್ಲರಿಗೂ ಭಾಳ ಖುಷಿ ಆತು. ಕಟ್ಟಿ ಮುಗಿದ ಮೇಲೆ ನೋಡಿದರೆ ಹಿಡಿಯುವ ಪೈಪು ಒಂದೇ ಕಡೆ ಐತಿ. ಇಳಿಯುವಾಗ ಬಲಕ್ಕ ಬರತೈತಿ, ಹತ್ತುವಾಗ ಎಡಕ್ಕ. ಎಡಗೈಯಲ್ಲಿ ಅವನು ಬಳಪಾನೂ ಹಿಡಿಯೋದಿಲ್ಲ. ಇವತ್ತಿಗೂ ಹತ್ತುವಾಗ ನಾನೇ ಕೈ ಹಿಡಿಯುತ್ತೇನೆ.

ಇದು ಯಾರೂ ಬೇಕಂತ ಮಾಡಿದ್ದಲ್ಲ. ಅಳತೆ ತಗೊಂಡರು, ಸಿಮೆಂಟ್ ತಂದರು, ಗೌಂಡಿ ಬಂದ. ಅವ್ವನ್ನ ಮಾತ್ರ ಕೇಳಲಿಲ್ಲ. ಕೇಳಿದ್ದರೆ, "ನನ್ನ ಮಗಂದು ಬಲಗೈ ಗಟ್ಟಿ ಐತ್ರಿ, ಎರಡೂ ಕಡೆ ಪೈಪು ಹಾಕ್ರಿ" ಅಂತ ಒಂದೇ ಮಾತಿನ್ಯಾಗ ಹೇಳತಿದ್ದಳು.

ಇನ್ನೊಂದು ಸಂಗತಿ ಬರೆಯಲು ನಾಚಿಕೆ ಆಗುತ್ತದೆ, ಆದರೂ ಬರೆಯುತ್ತೇನೆ. ತಮ್ಮನ ನೀರಿನ ಬಾಟಲಿ ದಿನಾ ಸಂಜೆ ತುಂಬಿದ್ದು ತುಂಬಿದ ಹಾಗೇ ಮನೆಗೆ ಬರುತ್ತಿತ್ತು. ಅವ್ವ ಒಂದು ದಿನ ಕೂಡ್ರಿಸಿಕೊಂಡು ಕೇಳಿದಳು. ಶೌಚಾಲಯಕ್ಕೆ ಮೆಟ್ಟಿಲು ಐತಿ, ಒಳಗೆ ಹಿಡಕೊಳ್ಳಾಕ ಏನೂ ಇಲ್ಲ, ಅದಕ್ಕ ನೀರೇ ಕುಡಿಯೋದಿಲ್ಲ ಅಂದ. ಬ್ಯಾಸಿಗಿ ದಿನಾನೂ ಹಂಗೇ ಇರುತ್ತಿದ್ದನಂತೆ. ಇದು ಹಾಜರಿ ಪುಸ್ತಕದಲ್ಲಿ ಸಿಗುವುದಿಲ್ಲ, ಪರೀಕ್ಷೆಯ ಅಂಕದಲ್ಲೂ ಕಾಣುವುದಿಲ್ಲ. ಬಾಟಲಿ ತೊಳೆಯುವ ಅವ್ವನಿಗೆ ಮಾತ್ರ ಗೊತ್ತಾಗುತ್ತದೆ.

ನಾನು ಈ ಬಗ್ಗೆ ಗುರುಗಳನ್ನು ಕೇಳಿ ತಿಳಿದುಕೊಂಡೆ. ನಮ್ಮ ರಾಜ್ಯದ ಸರಕಾರಿ ಶಾಲೆಗಳಲ್ಲಿ 2001ರಿಂದ ಎಸ್.ಡಿ.ಎಂ.ಸಿ. ಇದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮಿನ ಪ್ರಕಾರ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು. ಅವಕಾಶವಂಚಿತ ಮಕ್ಕಳ ಪಾಲಕರಿಗೂ ಪ್ರಮಾಣಕ್ಕೆ ತಕ್ಕ ಸ್ಥಾನ ಕೊಡಬೇಕು. 2012ರ ತಿದ್ದುಪಡಿಯಲ್ಲಿ ವಿಕಲಚೇತನ ಮಕ್ಕಳನ್ನೂ ಈ ಗುಂಪಿಗೆ ಸೇರಿಸಿದರು. ಶಾಲೆಯ ಅಭಿವೃದ್ಧಿ ಯೋಜನೆ ಬರೆಯುವುದೂ ಇದೇ ಸಮಿತಿಯ ಕೆಲಸ. ಹೀಗಿರುವಾಗ ನಾವು ಕೇಳುವುದು ದಯೆ ಅಲ್ಲ, ಕಾಯ್ದೆಯಲ್ಲಿ ಇರುವ ಮಾತು.

"ಹೆತ್ತವರಿಗೆ ಹೆಗ್ಗಣ ಮುದ್ದು, ಅವರ ಮಾತು ಕೇಳಿದರ ಸಾಲಿ ನಡದಂಗ" ಎನ್ನುವವರೂ ಇದ್ದಾರೆ. ಮುದ್ದು ಇರುವುದು ಖರೆ. ಆದರೆ ಅವ್ವ ಮಾರ್ಕ್ಸ್ ಹೆಚ್ಚಿಗಿ ಹಾಕ್ರಿ ಅನ್ನಲಿಲ್ಲ, ಪೈಪು ಹಾಕ್ರಿ ಅನ್ನುತ್ತಿದ್ದಾಳೆ. ಪಾಠ ಹೇಗೆ ಮಾಡಬೇಕೆಂಬುದು ಗುರುಗಳಿಗೆ ಗೊತ್ತು, ಮಗು ಹೇಗೆ ಕೂಡುತ್ತದೆ, ಯಾವುದಕ್ಕೆ ಅಂಜುತ್ತದೆ ಎಂಬುದು ಮನೆಯವರಿಗೆ ಗೊತ್ತು. ಎರಡೂ ಕೂಡಿದರೇ ಕೆಲಸ ಆಗುತ್ತದೆ.

ನಮ್ಮ ನೆರೆಯ ಗದಗಿನ ವೀರೇಶ್ವರ ಪುಣ್ಯಾಶ್ರಮ ನೋಡಿರಿ. ಪಂಚಾಕ್ಷರ ಗವಾಯಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ. ಅವರ ಶಿಷ್ಯರಾಗಿ 2010ರವರೆಗೆ ಬಾಳಿದ ಪುಟ್ಟರಾಜ ಗವಾಯಿಗಳಿಗೂ ಕಾಣುತ್ತಿರಲಿಲ್ಲ. ಅಂಧ ಮಕ್ಕಳ ಕಷ್ಟವನ್ನು ತಾವೇ ಉಂಡವರು ಆಶ್ರಮ ನಡೆಸಿದರು. ಅದಕ್ಕೇ ಅಲ್ಲಿ ಕಲಿತ ಮಕ್ಕಳು ಹಾಡುಗಾರರಾದರು, ಸ್ವಂತ ಕಾಲ ಮೇಲೆ ನಿಂತರು. ಕಷ್ಟ ಬಲ್ಲವರ ಮಾತಿಗೆ ಅಷ್ಟು ಬೆಲೆ ಐತಿ.

ಹಂಗಂತ ಪಾಲಕರದು ತಪ್ಪೇ ಇಲ್ಲ ಎಂದು ನಾನು ಹೇಳುವುದಿಲ್ಲ. ಸಭೆಗೆ ಹೋಗವ್ವಾ ಅಂದರೆ, "ನಾ ಸಾಲಿ ಕಲಿತಾಕಿ ಅಲ್ಲ, ದೊಡ್ಡವರ ಮುಂದ ಏನು ಮಾತಾಡ್ಲಿ" ಅಂತಾಳೆ. ಹಗಲು ಹೊತ್ತು ಸಭೆ ಇಟ್ಟರೆ ಒಂದು ದಿನದ ಕೂಲಿ ಹೋಗುತ್ತದೆ. ಗಂಗಾವತಿ ಕಡೆ ನಾಟಿ ಹಚ್ಚುವ ಕಾಲದಲ್ಲಿ ಮನೆಯಲ್ಲಿ ಯಾರೂ ಸಿಗುವುದಿಲ್ಲ. ಕುಷ್ಟಗಿ, ಯಲಬುರ್ಗಾ ಕಡೆ ಮಳೆ ಕೈಕೊಟ್ಟರೆ ಊರಿಗೆ ಊರೇ ಗುಳೆ ಹೋಗುತ್ತದೆ. ಇದನ್ನೂ ವಿಚಾರ ಮಾಡಬೇಕು.

ಅದಕ್ಕೆ ನನ್ನ ವಿನಂತಿ ಮೂರು.

ಒಂದು, ಇಂಥ ಮಕ್ಕಳು ಇರುವ ಪ್ರತಿ ಶಾಲೆಯ ಎಸ್.ಡಿ.ಎಂ.ಸಿ.ಯಲ್ಲಿ ಅವರ ತಾಯಿಗೋ ತಂದೆಗೋ ಒಂದು ಸ್ಥಾನ ಇರಲಿ. ಅವರಿಗಾಗಿ ಏನೇ ಕಟ್ಟಿಸುವ ಮುಂಚೆ ಮಗುವನ್ನೂ ಮನೆಯವರನ್ನೂ ಕೇಳಲಿ.

ಎರಡು, ಸಭೆ ಸಂಜೆ ಹೊತ್ತು ಇರಲಿ, ಇಲ್ಲವೇ ಎತ್ತು ಹೂಡದ ಅಮಾಸಿ ದಿನ ಇರಲಿ.

ಮೂರು, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯವರು ವರ್ಷದ ಯೋಜನೆ ಬರೆಯುವ ಮುಂಚೆ ಇಂಥ ಪಾಲಕರನ್ನು ಒಮ್ಮೆ ಕರೆಯಲಿ. ವಿಶೇಷ ಅಗತ್ಯವುಳ್ಳ ಮಕ್ಕಳನ್ನು ನೋಡಿಕೊಳ್ಳುವ ಶಿಕ್ಷಕರೂ ಅಲ್ಲಿರಲಿ. ದೂರದ ಹಳ್ಳಿಯಿಂದ ಬರುವವರಿಗೆ ಬಸ್ಸಿನ ಚಾರ್ಜು ಕೊಡಲಿ.

ನಾನು ಎಂಟನೇ ತರಗತಿ ಮುಗಿಸಿ ಬರುವ ವರ್ಷ ಹೈಸ್ಕೂಲಿಗೆ ಹೋಗುತ್ತೇನೆ. ಆಮೇಲೆ ಇಳಿಜಾರು ಹತ್ತುವಾಗ ತಮ್ಮನ ಕೈ ಹಿಡಿಯಲು ನಾನು ಇರುವುದಿಲ್ಲ. ಅಷ್ಟರೊಳಗೆ ಇನ್ನೊಂದು ಕಡೆ ಪೈಪು ಹಾಕಿಸಿರಿ. ಮುಂದಿನ ಸಭೆಗೆ ನಮ್ಮ ಅವ್ವನಿಗೂ ಒಂದು ಚೀಟಿ ಕಳಿಸಿರಿ. ಆಕೆಗೆ ಓದಲು ಬರುವುದಿಲ್ಲ, ನಾನು ಓದಿ ಹೇಳುತ್ತೇನೆ. ಕರಕೊಂಡೂ ಬರುತ್ತೇನೆ.

ತಪ್ಪಿದ್ದರೆ ಕ್ಷಮಿಸಿರಿ. ನಿಮ್ಮ ಅನಿಸಿಕೆಯನ್ನು ಮುಂದಿನ ಸಂಚಿಕೆಗೆ ಬರೆದುಕೊಡಿರಿ.

— ಎಂಟನೇ ತರಗತಿಯ ವಿದ್ಯಾರ್ಥಿನಿ