ಒಂದು ರಾತ್ರಿ, ಎರಡು ಚಿತ್ರ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಯಾವ ಮನೆಯಲ್ಲೇ ಆಗಲಿ, ನೆಂಟರಿಷ್ಟರು ನೆರೆದ ರಾತ್ರಿ ಎರಡು ಹಳೆಯ ಚಿತ್ರಗಳನ್ನು ಒಟ್ಟಿಗೆ ನೋಡಬೇಕೆಂದರೆ ವಾದ ಹುಟ್ಟುವುದು ಆಯ್ಕೆಯಲ್ಲಿ. ಹಿರಿಯರಿಗೆ ಭಕ್ತಿ ಬೇಕು. ಕಿರಿಯರಿಗೆ ಬಿಸಿ ಬೇಕು. ಇಬ್ಬರನ್ನೂ ಕೂಡಿಸಬಲ್ಲ ಜೋಡಿಯೊಂದುಂಟು.

ಮೊದಲು 1959ರ ‘ಜಗಜ್ಯೋತಿ ಬಸವೇಶ್ವರ’. ಹೊನ್ನಪ್ಪ ಭಾಗವತರ್ ಬಸವಣ್ಣನಾಗಿ, ರಾಜ್‌ಕುಮಾರ್ ಬಿಜ್ಜಳನಾಗಿ ಎದುರಾಗುವ ಈ ಚಿತ್ರ, ಬಸವಣ್ಣನ ಊರಾದ ಬಾಗೇವಾಡಿಯ ಸೀಮೆಗೆ ಮನೆಯ ಕಥೆಯೇ ಸರಿ. ಬಳಿಕ 1970ರ ‘ಸಂಸ್ಕಾರ’. ಅನಂತಮೂರ್ತಿಯವರ ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿ ತೆರೆಗೆ ತಂದರು. ಸೆನ್ಸಾರ್ ಮಂಡಳಿ ಮೊದಲು ತಡೆದ ಆ ಚಿತ್ರಕ್ಕೇ ಮುಂದೆ ರಾಷ್ಟ್ರಪತಿಗಳ ಸ್ವರ್ಣಪದಕ ದೊರೆಯಿತು. ಅಗ್ರಹಾರದಲ್ಲಿ ನಾರಣಪ್ಪನ ಹೆಣ ಬಿದ್ದಿದೆ. ಅದಕ್ಕೆ ಸಂಸ್ಕಾರ ಮಾಡುವವರಾರೆಂಬುದೇ ಕಥೆ.

ಮೊದಲನೆಯದು ಜಾತಿಯ ಗೋಡೆಯನ್ನು ಕೆಡವಹೊರಟವನನ್ನು ತೋರಿಸುತ್ತದೆ. ಎರಡನೆಯದು, ಎಂಟು ಶತಮಾನಗಳು ಕಳೆದರೂ ನಿಂತೇ ಇದ್ದ ಆ ಗೋಡೆಯನ್ನು. ಕ್ರಮ ತಿರುವುಮುರುವಾದರೆ ಮನೆಮಂದಿ ಬಸವಣ್ಣನಿಗೆ ಕೈಮುಗಿದು ನೆಮ್ಮದಿಯಿಂದ ಮಲಗಿಯಾರು. ಈ ಕ್ರಮದಲ್ಲಾದರೋ ನಿದ್ದೆ ತಡವಾಗುತ್ತದೆ. ಬೆಳಗಿನ ಚಹದ ಹೊತ್ತಿಗೂ ಹಿರಿಯರು ಕಿರಿಯರು ಅದೇ ಮಾತನ್ನು ಆಡುತ್ತಿರುತ್ತಾರೆ.