ಕ್ಯಾಚ್ ಹಿಡಿಯಲು ಕಲಿಸಿದವನಿಗೆ ಹುದ್ದೆ ಎಲ್ಲಿದೆ?

ಕ್ರೀಡಾಕೂಟದ ದಿನ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಯಾವುದೇ ಕಾಲೇಜು ಮೈದಾನಕ್ಕೆ ಹೋದರೂ ಕಾಣುವ ದೃಶ್ಯ ಹೆಚ್ಚುಕಡಿಮೆ ಒಂದೇ. ಕೊರಳಲ್ಲಿ ಸೀಟಿ ನೇತುಹಾಕಿಕೊಂಡ ದೈಹಿಕ ಶಿಕ್ಷಣ ನಿರ್ದೇಶಕರೊಬ್ಬರು ಕಬಡ್ಡಿ ಅಂಕಣಕ್ಕೆ ಸುಣ್ಣದ ಗೆರೆ ಹಾಕಿಸುತ್ತಾರೆ, ವಾಲಿಬಾಲ್ ನೆಟ್ ಬಿಗಿಸುತ್ತಾರೆ, ರಿಲೇ ಓಟಗಾರರನ್ನು ಸಾಲಾಗಿ ನಿಲ್ಲಿಸುತ್ತಾರೆ. ನಡುವೆ ಊಟದ ಲೆಕ್ಕ, ಅತಿಥಿಗಳ ಹಾರ-ತುರಾಯಿಯ ಹೊಣೆಯೂ ಅವರದೇ. ಕಾಲೇಜು ಒಂದು, ಹುದ್ದೆ ಒಂದು, ಆಟ ಹತ್ತು.

ಅಮೆರಿಕದ ಕಾಲೇಜುಗಳಲ್ಲಿ ಇದಕ್ಕೆ ತದ್ವಿರುದ್ಧವಾದ ಚಿತ್ರವಿದೆ. ಅಲ್ಲಿನ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ದೂರಕ್ಕೆ ಎಸೆಯುವ ಆಟ. ಅಂಗಳದ ಅಂಚಿನಿಂದ ಓಡಿಹೋಗಿ ಆ ಎಸೆತವನ್ನು ಹಿಡಿಯುವವನು ವೈಡ್ ರಿಸೀವರ್. ಅವನಿಗೆ ಹೆಜ್ಜೆ, ತಿರುವು, ಚೆಂಡು ಹಿಡಿಯುವ ಕೈಚಳಕವನ್ನು ಕಲಿಸಲೆಂದೇ ಪ್ರತ್ಯೇಕ ತರಬೇತುದಾರನಿದ್ದಾನೆ. ಅತ್ಯುನ್ನತ ದರ್ಜೆಯ ಕಾಲೇಜು ತಂಡವೊಂದಕ್ಕೆ ಮುಖ್ಯ ತರಬೇತುದಾರನ ಜತೆ 10 ಮಂದಿ ಸಹಾಯಕರನ್ನು ಇಟ್ಟುಕೊಳ್ಳಲು 2018ರಲ್ಲೇ ಅನುಮತಿ ದೊರೆತಿತ್ತು. ಪ್ರೌಢಶಾಲೆಯ ಪ್ರತಿಭೆಗಳ ಮನೆಬಾಗಿಲಿಗೆ ಹೋಗಿ ತಂದೆ-ತಾಯಿಯರನ್ನು ಒಪ್ಪಿಸಿ ಕರೆತರುವುದೂ ಈ ಸಹಾಯಕರ ಕೆಲಸವೇ.

ಈ ವೃತ್ತಿಯ ಏಳುಬೀಳುಗಳಿಗೆ ಡಾಬೊ ಸ್ವಿನಿ ಅವರ ಬದುಕು ಒಳ್ಳೆಯ ನಿದರ್ಶನ. ಅಲಬಾಮಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿವೇತನವಿಲ್ಲದೆ ತಂಡ ಸೇರಿದ ಆಟಗಾರ ಅವರು. ಅಲ್ಲೇ 1993ರಲ್ಲಿ ಉನ್ನತ ವ್ಯಾಸಂಗ ಮಾಡುತ್ತಲೇ ತರಬೇತಿ ಸಹಾಯಕರಾದರು, ಬಳಿಕ ರಿಸೀವರ್‌ಗಳ ತರಬೇತುದಾರರಾದರು. 2000ದ ಋತುವಿನಲ್ಲಿ ತಂಡ ನೆಲಕಚ್ಚಿ ಮುಖ್ಯ ತರಬೇತುದಾರರು ಹೊರಬಿದ್ದಾಗ ಸ್ವಿನಿಯವರ ಕೆಲಸವೂ ಹೋಯಿತು. ಎರಡು ವರ್ಷ ಅವರು ರಿಯಲ್ ಎಸ್ಟೇಟ್ ಸಂಸ್ಥೆಯಲ್ಲಿ ದುಡಿದರು. 2003ರಲ್ಲಿ ಕ್ಲೆಮ್ಸನ್ ವಿಶ್ವವಿದ್ಯಾಲಯ ಮತ್ತೆ ರಿಸೀವರ್‌ಗಳನ್ನು ಅವರ ಕೈಗೆ ಒಪ್ಪಿಸಿತು. 2008ರ ಅಕ್ಟೋಬರ್‌ನಲ್ಲಿ ಋತುವಿನ ನಡುವೆಯೇ ಮುಖ್ಯ ತರಬೇತುದಾರರು ನಿರ್ಗಮಿಸಿದಾಗ ಆ ಕುರ್ಚಿ ಸ್ವಿನಿಯವರಿಗೆ ತಾತ್ಕಾಲಿಕವಾಗಿ ಸಿಕ್ಕಿ, ಆಮೇಲೆ ಕಾಯಂ ಆಯಿತು. 2016 ಮತ್ತು 2018ರ ಋತುಗಳಲ್ಲಿ ಕ್ಲೆಮ್ಸನ್ ರಾಷ್ಟ್ರೀಯ ಚಾಂಪಿಯನ್ ಆಯಿತು.

ಇಲ್ಲಿ ಗಮನಿಸಬೇಕಾದ್ದು ಪ್ರಶಸ್ತಿಗಳನ್ನಲ್ಲ, ಏಣಿಯನ್ನು. ಕೆಳಗಿನ ಮೆಟ್ಟಿಲೊಂದು ಇತ್ತು. ಬಿದ್ದವನು ಮತ್ತೆ ಹತ್ತಲು ಇನ್ನೊಂದು ಊರಿನಲ್ಲಿ ಅಂಥದೇ ಮೆಟ್ಟಿಲೂ ಇತ್ತು.

ನಮ್ಮಲ್ಲಿ ಇದಕ್ಕೆ ಅತ್ಯಂತ ಸಮೀಪದ ಹುದ್ದೆ ಕ್ರಿಕೆಟ್‌ನ ಫೀಲ್ಡಿಂಗ್ ಕೋಚ್. ಅದರಲ್ಲಿ ದೀರ್ಘಕಾಲ ನಿಂತವರು ಮೈಸೂರಿನಲ್ಲಿ 1970ರಲ್ಲಿ ಜನಿಸಿದ ಆರ್. ಶ್ರೀಧರ್. ಎಡಗೈ ಸ್ಪಿನ್ನರ್ ಆಗಿ ಹೈದರಾಬಾದ್ ಪರ 35 ಪ್ರಥಮ ದರ್ಜೆ ಪಂದ್ಯಗಳನ್ನು ಆಡಿದ ಅವರಿಗೆ ಭಾರತ ತಂಡದ ಟೋಪಿ ಎಂದೂ ದೊರೆಯಲಿಲ್ಲ. ಆದರೆ 2014ರ ಆಗಸ್ಟ್‌ನಿಂದ 2021ರ ಟಿ20 ವಿಶ್ವಕಪ್‌ವರೆಗೆ, ಏಳು ವರ್ಷಕ್ಕೂ ಮಿಗಿಲಾಗಿ, ಭಾರತದ ಆಟಗಾರರಿಗೆ ಕ್ಷೇತ್ರರಕ್ಷಣೆ ಕಲಿಸಿದವರು ಅವರೇ. ಡಂಕನ್ ಫ್ಲೆಚರ್ ಹೋದರು, ಅನಿಲ್ ಕುಂಬ್ಳೆ ಬಂದು ಹೋದರು, ರವಿ ಶಾಸ್ತ್ರಿ ಮರಳಿ ಬಂದರು, ಶ್ರೀಧರ್ ಉಳಿದರು. 2019ರಲ್ಲಿ ಸಹಾಯಕ ಸಿಬ್ಬಂದಿಯ ಮರುನೇಮಕ ನಡೆದಾಗ ಬ್ಯಾಟಿಂಗ್ ಕೋಚ್ ಸಂಜಯ್ ಬಂಗಾರ್ ಸ್ಥಾನ ಕಳೆದುಕೊಂಡರು. ಆಗಲೂ ಶ್ರೀಧರ್ ಅಲುಗಲಿಲ್ಲ.

ಇದು ಅಪವಾದವೆಂಬುದನ್ನು ನಮ್ಮವರೇ ಆದ ವೆಂಕಟೇಶ್ ಪ್ರಸಾದ್ ಚೆನ್ನಾಗಿ ಬಲ್ಲರು. 2007ರಲ್ಲಿ ಭಾರತದ ಬೌಲಿಂಗ್ ಕೋಚ್ ಆದ ಅವರ ಅವಧಿಯಲ್ಲೇ ತಂಡ ಟಿ20 ವಿಶ್ವಕಪ್ ಗೆದ್ದಿತು. 2009ರಲ್ಲಿ ಚಾಂಪಿಯನ್ಸ್ ಟ್ರೋಫಿಯಿಂದ ತಂಡ ಬೇಗನೆ ಹೊರಬಿದ್ದ ಬೆನ್ನಲ್ಲೇ, ಅಕ್ಟೋಬರ್‌ನಲ್ಲಿ, ಪ್ರಸಾದ್ ಹಾಗೂ ಫೀಲ್ಡಿಂಗ್ ಕೋಚ್ ರಾಬಿನ್ ಸಿಂಗ್ ಇಬ್ಬರನ್ನೂ ಮಂಡಳಿ ಕೈಬಿಟ್ಟಿತು. ಮುಖ್ಯ ಕೋಚ್ ಗ್ಯಾರಿ ಕರ್ಸ್ಟನ್ ಮುಂದುವರಿದರು. ಸೋಲಿಗೆ ಯಾರನ್ನಾದರೂ ಹೊಣೆ ಮಾಡಬೇಕೆಂದಾಗ ಸಹಾಯಕನಷ್ಟು ಸುಲಭದ ಗುರಿ ಮತ್ತೊಂದಿಲ್ಲ.

ಇನ್ನೂ ತೆರೆಮರೆಯಲ್ಲಿರುವವರು ಕುಮಟಾದ ರಾಘವೇಂದ್ರ. ಬಳಗದಲ್ಲಿ ಎಲ್ಲರಿಗೂ ಅವರು ರಘು. ಚೆಂಡು ಎಸೆಯುವ ಉದ್ದ ಹಿಡಿಕೆಯ ಸಾಧನ ಹಿಡಿದು, ವೇಗದ ಬೌಲರ್‌ಗಳನ್ನು ಎದುರಿಸುವ ಅಭ್ಯಾಸ ಮಾಡಿಸುವುದೇ ಅವರ ಕಾಯಕ. ವೇಗದ ದಾಳಿಯ ಎದುರು ಭಾರತೀಯರು ಸುಧಾರಿಸಿದ್ದರ ಹಿಂದೆ ರಘು ಇದ್ದಾರೆಂದು ವಿರಾಟ್ ಕೊಹ್ಲಿ ಬಹಿರಂಗವಾಗಿಯೇ ಹೇಳಿದ್ದಾರೆ. ಸ್ಕೋರ್‌ಪಟ್ಟಿಯಲ್ಲಿ ಈ ಶ್ರಮಕ್ಕೆ ಜಾಗವಿಲ್ಲ. ರಾಮನಗರದ ಗೂಡಿನ ಮಾರುಕಟ್ಟೆಯನ್ನು ಬಲ್ಲವರಿಗೆ ಇದು ಹೊಸತೇನಲ್ಲ: ಸೀರೆ ಅಂಗಡಿಯ ಹೆಸರಿನಲ್ಲಿ ಮಾರಾಟವಾಗುತ್ತದೆ, ನೂಲು ತೆಗೆದ ರೀಲರನ ಹೆಸರು ಯಾರಿಗೂ ತಿಳಿಯದು.

ಆದರೂ ಇವರೆಲ್ಲ ಕ್ರಿಕೆಟ್‌ನವರು, ಅಲ್ಲಿ ಹಣವಿದೆ. ಈ ನಾಲ್ಕು ತಾಲ್ಲೂಕುಗಳ ಹಳ್ಳಿ ಹಬ್ಬಗಳಲ್ಲಿ ಹೊನಲು ಬೆಳಕಿನಲ್ಲಿ ನಡೆಯುವುದು ಕಬಡ್ಡಿ. ಆ ಆಟದಲ್ಲೂ ತರಬೇತಿ ಈಗ ಜೀವನೋಪಾಯವಾಗಬಲ್ಲದು ಎನ್ನುವುದಕ್ಕೆ ಕರ್ನಾಟಕದ ಬಿ.ಸಿ. ರಮೇಶ್ ಸಾಕ್ಷಿ. 2001ನೇ ಸಾಲಿನ ಅರ್ಜುನ ಪ್ರಶಸ್ತಿ ಪಡೆದ ಆಟಗಾರರಾದ ಅವರ ತರಬೇತಿಯಲ್ಲಿ 2019ರಲ್ಲಿ ಬೆಂಗಾಲ್ ವಾರಿಯರ್ಸ್, 2024ರಲ್ಲಿ ಪುಣೇರಿ ಪಲ್ಟನ್ ಪ್ರೊ ಕಬಡ್ಡಿ ಕಿರೀಟ ಧರಿಸಿದವು. ಲೀಗ್ ಆರಂಭವಾದದ್ದೇ 2014ರಲ್ಲಿ. ಅದಕ್ಕೆ ಮುನ್ನ ಕಬಡ್ಡಿ ಆಟಗಾರನ ಕನಸು ಬ್ಯಾಂಕ್, ರೈಲ್ವೆ ಅಥವಾ ಪೊಲೀಸ್ ಇಲಾಖೆಯ ನೌಕರಿಗೆ ಮುಗಿಯುತ್ತಿತ್ತು.

ಹಾಗಾದರೆ ತುದಿಯಲ್ಲಿ ಮೆಟ್ಟಿಲುಗಳಿವೆ, ಬುಡದಲ್ಲಿ ಇಲ್ಲ. ಖೇಲೋ ಇಂಡಿಯಾ ಯೋಜನೆಯ ಜಿಲ್ಲಾ ಕೇಂದ್ರಗಳಿಗೆ ಒಂದು ಕ್ರೀಡೆಗೆ ವರ್ಷಕ್ಕೆ 5 ಲಕ್ಷ ರೂಪಾಯಿ ಆವರ್ತ ಅನುದಾನ ನಿಗದಿಯಾಗಿದೆ. ತರಬೇತುದಾರನ ಸಂಭಾವನೆ, ಸಲಕರಣೆ, ಮಕ್ಕಳ ಸಮವಸ್ತ್ರ, ಕೂಟಗಳಿಗೆ ಹೋಗಿಬರುವ ಖರ್ಚು ಎಲ್ಲವೂ ಅದರೊಳಗೇ ನೀಗಬೇಕು. ಶಿಕ್ಷಣ ಹಕ್ಕು ಕಾಯ್ದೆಯಂತೂ 6ರಿಂದ 8ನೇ ತರಗತಿಗಳಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ ದೈಹಿಕ ಶಿಕ್ಷಣಕ್ಕೆ ಬೋಧಕರನ್ನು ಹೇಳುತ್ತದೆ, ಅದೂ ಅರೆಕಾಲಿಕ. ಮಾಗಡಿ, ಕನಕಪುರಗಳ ಒಳನಾಡಿನ ಸಣ್ಣ ಶಾಲೆಗಳು ಈ ಲೆಕ್ಕದಿಂದಲೇ ಹೊರಗುಳಿಯುತ್ತವೆ.

ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು 2025ರ ಮೇ ತಿಂಗಳಲ್ಲಿ ಸಚಿವ ಸಂಪುಟ ತೀರ್ಮಾನಿಸಿದಾಗ ಹೂಡಿಕೆ, ಭೂಮಿಯ ಬೆಲೆಗಳ ಮಾತು ಬಹಳ ಕೇಳಿಬಂತು. ಬೆಂಗಳೂರಿನ ಹೆಸರು ಬಂದರೆ ಮೈದಾನಕ್ಕೆ ಏನು ಬರುತ್ತದೆ ಎಂಬ ಪ್ರಶ್ನೆ ಚರ್ಚೆಗೆ ಬರಲಿಲ್ಲ. ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರ ಇರುವುದು ಇದೇ ಮೈಸೂರು ರಸ್ತೆಯ ಪಕ್ಕದಲ್ಲಿ, ಜ್ಞಾನಭಾರತಿಯ ಬಳಿ. ಅಲ್ಲಿಗೆ ರಾಮನಗರದಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ದೂರ.

ಅಮೆರಿಕದ ವೈಭವ ನಮಗೆ ಬೇಕಿಲ್ಲ, ಭರಿಸಲೂ ಆಗದು. ಎರವಲು ಪಡೆಯಬಹುದಾದದ್ದು ಅವರ ಅತಿ ಅಗ್ಗದ ಮೆಟ್ಟಿಲನ್ನು, ಅಂದರೆ ಓದುತ್ತಲೇ ಕಲಿಸುವ ಸಹಾಯಕನನ್ನು. ನಾಲ್ಕೂ ಪಟ್ಟಣಗಳ ಸರ್ಕಾರಿ ಪದವಿ ಕಾಲೇಜುಗಳಿಗೆ, ವಿಶ್ವವಿದ್ಯಾಲಯ ಮಟ್ಟದಲ್ಲಿ ಆಡಿ ಬಂದ ಯುವಕ ಅಥವಾ ಯುವತಿಯೊಬ್ಬರನ್ನು ಕಬಡ್ಡಿಗೆಂದೇ ಆರಿಸಬಹುದು. ಎರಡು ವರ್ಷದ ಬಿ.ಪಿ.ಇಡಿ. ಶುಲ್ಕವನ್ನು ಸರ್ಕಾರ ಕಟ್ಟಿ, ಅದಕ್ಕೆ ಪ್ರತಿಯಾಗಿ ದಿನಕ್ಕೆ ಎರಡು ಗಂಟೆ, ಸಂಜೆ, ರೈಡರ್‌ಗಳಿಗೆ ಹೆಜ್ಜೆ ಕಲಿಸುವ ಕೆಲಸ ಕೊಡಬಹುದು. ಒಂಟಿ ನಿರ್ದೇಶಕರು ಆ ಹೊತ್ತಿನಲ್ಲಿ ವಾಲಿಬಾಲ್ ನೆಟ್ಟಿನ ಬಳಿ ಇರುತ್ತಾರೆ.